ಮೂವತ್ತು ದಿನದ ಕನ್ನಡ, ಇಪ್ಪತ್ತು ನಿಮಿಷದ ಚನ್ನಪಟ್ಟಣ

ರೈಲ್ವೆ ಸ್ಟೇಷನ್ನಿನ ಪುಸ್ತಕದ ಗಾಡಿಗಳಲ್ಲಿ, ಪಂಚಾಂಗಕ್ಕೂ ಅಡುಗೆ ಪುಸ್ತಕಕ್ಕೂ ನಡುವೆ, ಒಂದು ತೆಳ್ಳನೆಯ ಪುಸ್ತಕ ಯಾವಾಗಲೂ ಇರುತ್ತೆ. ಮೂವತ್ತು ದಿನಗಳಲ್ಲಿ ಕನ್ನಡ. ಇಂಗ್ಲಿಷ್ ಮೂಲಕ, ಹಿಂದಿ ಮೂಲಕ, ತಮಿಳು ಮೂಲಕ, ಹೀಗೆ. ಇಂಥವು ನನ್ನ ಹತ್ತಿರ ಈಗ ಆರು ಇವೆ. ಕನ್ನಡ ಕಲಿಯೋಕೆ ಕೊಂಡಿದ್ದಲ್ಲ; ಚನ್ನಪಟ್ಟಣದಲ್ಲಿ ಹುಟ್ಟಿ ಬೆಳೆದವನಿಗೆ ಅದರ ಅಗತ್ಯ ಬೀಳಲಿಲ್ಲ. ನಮ್ಮ ಭಾಷೆ ಹೊರಗಿನವರ ಕೈಗೆ ಹೇಗೆ ಹೋಗುತ್ತೆ ಅಂತ ನೋಡೋ ಚಪಲ ಅಷ್ಟೆ. ಈಗಂತೂ ಅದೇ ಜಾತಿಯ ಇನ್ನಷ್ಟು ಸರಕು ಬಂದಿದೆ: ಆಟೋ ಸೀಟಿನ ಹಿಂದೆ ಅಂಟಿಸಿದ ಚಾರ್ಟು, ರೆಸಾರ್ಟಿನ ರೂಮಿನಲ್ಲಿಡುವ ‘ಹತ್ತು ಕನ್ನಡ ವಾಕ್ಯ’ದ ಕಾರ್ಡು, ಮೂವತ್ತು ಸೆಕೆಂಡಿನ ರೀಲು. ಇವನ್ನೆಲ್ಲ ಸೇರಿಸಿ ಒಂದು ಸಾಹಿತ್ಯ ಪ್ರಕಾರ ಅಂತಲೇ ಇಟ್ಟುಕೊಂಡು ಒಮ್ಮೆ ವಿಮರ್ಶೆ ಮಾಡಬೇಕು ಅಂತ ಬಹಳ ದಿನದಿಂದ ಅನ್ನಿಸ್ತಿತ್ತು. ಕಾದಂಬರಿಗೆ ವಿಮರ್ಶಕರು ಸಿಗ್ತಾರೆ, ಕವನ ಸಂಕಲನಕ್ಕೆ ಮುನ್ನುಡಿ ಬರೆಯೋರೂ ಸಿಗ್ತಾರೆ. ಇದಕ್ಕೆ ಯಾರೂ ಇಲ್ಲ. ಹೊರಗಿಂದ ಬಂದವರು ಮೊದಲು ಮುಟ್ಟುವ ಕನ್ನಡ ಪುಸ್ತಕ ಇದೇ ಅಲ್ವಾ?

ಪರೀಕ್ಷೆಗೆ ಜಾಗ ಬೇರೆ ಹುಡುಕೋದು ಬೇಡ, ನಮ್ಮೂರೇ ಸಾಕು. ಬೆಂಗಳೂರಿಂದ ಅರವತ್ತು ಕಿಲೋಮೀಟರು, ಮೈಸೂರು ದಾರಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಮದ್ದೂರಲ್ಲಿ ವಡೆ ತಿನ್ನೋದಕ್ಕೆ ಮುಂಚೆ ಜನ ಇಲ್ಲಿ ಕಾರು ನಿಲ್ಲಿಸಿ ಗೊಂಬೆ ಕೊಳ್ತಾರೆ. ಇಪ್ಪತ್ತು ನಿಮಿಷ ಇರ್ತಾರೆ. ದಾರಿ ಕೇಳ್ತಾರೆ, ರೇಟು ಕೇಳ್ತಾರೆ, ಟಾಯ್ಲೆಟ್ ಕೇಳ್ತಾರೆ, ಟೀ ಕೇಳ್ತಾರೆ. ಪ್ರವಾಸಿ ಕೈಪಿಡಿಗಳು ಯಾವ ಸನ್ನಿವೇಶಕ್ಕೆ ಅಂತ ಹುಟ್ಟಿವೆಯೋ ಅದೆಲ್ಲ ಈ ಇಪ್ಪತ್ತು ನಿಮಿಷದಲ್ಲಿ ಬಂದುಹೋಗುತ್ತೆ. ಕಾಲೇಜಿನ ದಿನಗಳಲ್ಲಿ ನಾನು ಮನೆ ಹತ್ತಿರದ ಒಂದು ಗೊಂಬೆ ಅಂಗಡಿಯಲ್ಲಿ ಸಂಜೆ ಹೊತ್ತು ಕೂತು ಬಿಲ್ಲು ಬರೀತಿದ್ದೆ. ಈಗಲೂ ಶನಿವಾರ ಊರಿಗೆ ಹೋದರೆ ಅಲ್ಲಿ ಒಂದು ಸ್ಟೂಲು ನನಗೆ ಮೀಸಲು. ಈ ಕೈಪಿಡಿಗಳ ವಾಕ್ಯಗಳು ಬಂದು ಬಾಗಿಲಲ್ಲಿ ಬೀಳೋದನ್ನ ಸಾಕಷ್ಟು ನೋಡಿದ್ದೀನಿ.

ಮೊದಲು ಸ್ಪೇನಿನ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಈ ಲೇಖನಕ್ಕೆ ಕಿಡಿ ಹತ್ತಿದ್ದು ಅಲ್ಲಿಂದ. ನಮ್ಮ ಟೀಮಿನ ಒಬ್ಬ ಹತ್ತು ದಿನದ ಸ್ಪೇನ್ ಪ್ರವಾಸಕ್ಕೆ ಮೂರು ತಿಂಗಳು ತಯಾರಿ ಮಾಡಿದ. ಫೋನಿನ ಆ್ಯಪಿನಲ್ಲಿ ದಿನಾ ಪಾಠ. ಅಂಗಡಿಗೆ ಹೋದ ತಕ್ಷಣ ‘ಓಲಾ, ಬ್ವೆನಾಸ್’ ಅನ್ನದೆ ಸಾಮಾನು ಮುಟ್ಟಬಾರದು, ಹೋಟೆಲಲ್ಲಿ ‘ಲಾ ಕ್ವೆಂತಾ’ ಅಂತ ನಾವೇ ಕೇಳೋವರೆಗೂ ಬಿಲ್ಲು ತರೋದಿಲ್ಲ, ಅದು ಅಸಡ್ಡೆಯಲ್ಲ, ಎದ್ದು ಹೋಗಿ ಅಂತ ಸೂಚಿಸಬಾರದು ಅನ್ನೋ ಮರ್ಯಾದೆ. ಮಧ್ಯಾಹ್ನದ ಊಟ ಎರಡು ಗಂಟೆ ಮೇಲೆ, ರಾತ್ರಿ ಊಟ ಒಂಬತ್ತರ ಮೇಲೆ. ವಯಸ್ಸಾದವರಿಗೆ ‘ಉಸ್ತೆದ್’, ಉಳಿದವರಿಗೆ ‘ತು’ ನಡೆಯುತ್ತೆ. ಬಾರ್ಸಿಲೋನಾದಲ್ಲಿ ‘ಬೊನ್ ದಿಯಾ’ ಅಂದ್ರೆ ಅಲ್ಲಿನವರಿಗೆ ಖುಷಿ, ಯಾಕಂದ್ರೆ ಅವರ ಭಾಷೆ ಕ್ಯಾಟಲನ್. ಮಾರ್ಕೆಟ್ಟಿನಲ್ಲಿ ಸಾಲು ಕಾಣಿಸದಿದ್ದರೆ ‘ಕಿಯೆನ್ ಎಸ್ ಎಲ್ ಊಲ್ತಿಮೊ’ ಅಂತ ಕೇಳಬೇಕು. ಕೊನೆಯವರು ಯಾರು ಅಂತ. ಒಬ್ಬರು ಕೈ ಎತ್ತುತ್ತಾರೆ, ಅವರ ನಂತರ ನಿಮ್ಮ ಪಾಳಿ. ಎಲ್ಲರೂ ಚೆಲ್ಲಾಪಿಲ್ಲಿ ನಿಂತಿದ್ದರೂ ಸಾಲು ತಲೆಯೊಳಗಿರುತ್ತೆ. ಇದು ಎಷ್ಟು ಚೆಂದದ ಏರ್ಪಾಡು ನೋಡಿ. ನಮ್ಮ ಬಸ್ ಸ್ಟ್ಯಾಂಡಿಗೆ ಆಮದು ಮಾಡ್ಕೊಬೇಕು.

ಇದೇ ಹುಡುಗ ಬೆಂಗಳೂರಲ್ಲಿ ಏಳು ವರ್ಷದಿಂದ ಇದ್ದಾನೆ. ಕನ್ನಡದಲ್ಲಿ ಅವನಿಗೆ ಬರೋ ವಾಕ್ಯ ಒಂದೇ: ‘ಕನ್ನಡ ಗೊತ್ತಿಲ್ಲ.’ ಅವನನ್ನ ಬಯ್ಯೋಕೆ ಇದನ್ನ ಹೇಳ್ತಿಲ್ಲ. ಸುಮ್ಮನೆ ಕೇಳಿದೆ, ಯಾಕಪ್ಪಾ ಅಂತ. ಅವನ ಉತ್ತರ ನನ್ನನ್ನ ಆರು ತಿಂಗಳು ಕಾಡಿತು. ‘ಟ್ರೈ ಮಾಡಿದೆ, ಒಂದು ಪುಸ್ತಕ ಕೊಂಡೆ, ಅದರಲ್ಲಿರೋ ಥರ ಯಾರೂ ಮಾತಾಡಲ್ಲ’ ಅಂದ. ನಾನು ಅವನ ಪುಸ್ತಕ ಇಸ್ಕೊಂಡು ಓದಿದೆ. ಅವನು ಹೇಳಿದ್ದು ನಿಜ.

ಈ ಪುಸ್ತಕಗಳ ಒಳಗೆ ಏನಿರುತ್ತೆ? ಮೊದಲು ಅಕ್ಷರಮಾಲೆ. ಆಮೇಲೆ ಪದಪಟ್ಟಿಗಳು: ದೇಹದ ಅಂಗಗಳು, ಸಂಬಂಧಿಕರು, ತರಕಾರಿ, ಪ್ರಾಣಿ. ಪ್ರಾಣಿಗಳ ಪಟ್ಟಿ ಯಾವ ಪುಸ್ತಕದಲ್ಲೂ ತಪ್ಪಲ್ಲ. ಪ್ರವಾಸಿಗೆ ಘೇಂಡಾಮೃಗದ ಕನ್ನಡ ಯಾವಾಗ ಬೇಕಾಗುತ್ತೋ ನನಗಂತೂ ಅರ್ಥವಾಗಿಲ್ಲ. ಆಮೇಲೆ ವಾಕ್ಯಗಳು. ವಾಕ್ಯ ಎಲ್ಲಾ ಮೊದಲು ಇಂಗ್ಲಿಷಿನಲ್ಲಿ ಹುಟ್ಟಿ ಆಮೇಲೆ ಕನ್ನಡದ ಬಟ್ಟೆ ಹಾಕ್ಕೊಂಡಿರೋವು. ‘ದಯವಿಟ್ಟು ನನಗೆ ಒಂದು ಲೋಟ ನೀರು ಕೊಡುವಿರಾ?’ ‘ಇದರ ಬೆಲೆ ಎಷ್ಟು?’ ‘ನಾನು ಹೋಗುತ್ತೇನೆ, ಧನ್ಯವಾದಗಳು.’ ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಚನ್ನಪಟ್ಟಣದ ಅಂಗಡಿ ಮುಂದೆ ನಿಂತು ಹೀಗೆ ಕೇಳಿದರೆ ಅಂಗಡಿಯವನು ಒಂದು ಗಳಿಗೆ ಗಾಬರಿಯಾಗ್ತಾನೆ. ಯಾರೋ ಆಕಾಶವಾಣಿಯಿಂದ ಬಂದಿದ್ದಾರೆ ಅಂದ್ಕೊಂಡು.

‘ದಯವಿಟ್ಟು’ ಅನ್ನೋ ಪದದ ಮೇಲೆ ನನಗೆ ಸ್ವಲ್ಪ ಹೆಚ್ಚೇ ಸಿಟ್ಟಿದೆ. ಎಲ್ಲಾ ಕೈಪಿಡಿಗಳ ಮೊದಲ ಪುಟದಲ್ಲಿ ಇದು ಕೂತಿರುತ್ತೆ. ಕನ್ನಡದಲ್ಲಿ ನಾವು ‘ದಯವಿಟ್ಟು’ ಬಳಸೋದು ಎಲ್ಲಿ? ಬೋರ್ಡಿನ ಮೇಲೆ: ದಯವಿಟ್ಟು ಚಪ್ಪಲಿ ಇಲ್ಲಿ ಬಿಡಿ. ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ: ದಯವಿಟ್ಟು ಗಮನಿಸಿ. ಮತ್ತೆ ಜಗಳದಲ್ಲಿ, ಹಲ್ಲು ಕಚ್ಚಿಕೊಂಡು: ದಯವಿಟ್ಟು ನನ್ನ ಪಾಡಿಗೆ ಬಿಟ್ಬಿಡಿ. ಎದುರಿಗೆ ನಿಂತ ಮನುಷ್ಯನ ಹತ್ತಿರ ಟೀ ಕೇಳೋವಾಗ ಯಾರೂ ಅದನ್ನ ಅನ್ನೋದಿಲ್ಲ. ಹಾಗಂತ ನಾವು ಒರಟರಲ್ಲ. ನಮ್ಮ ವಿನಯ ಕ್ರಿಯಾಪದದ ಬಾಲದಲ್ಲಿದೆ. ‘ಕೊಡು’ ಅಂದ್ರೆ ಒಂದು, ‘ಕೊಡಿ’ ಅಂದ್ರೆ ಇನ್ನೊಂದು, ಉತ್ತರದ ಕಡೆ ‘ಕೊಡ್ರಿ’, ಇನ್ನೂ ಮೆತ್ತಗೆ ಬೇಕಂದ್ರೆ ‘ಕೊಡ್ತೀರಾ’. ಆ ಒಂದು ಇಕಾರದಲ್ಲಿ ಇಡೀ ‘ಪ್ಲೀಸ್’ ಅಡಗಿದೆ. ಅದೂ ಸಾಲದಿದ್ದರೆ ‘ಸ್ವಲ್ಪ’ ಇದೆ. ‘ಸ್ವಲ್ಪ ಜಾಗ ಬಿಡಿ’, ‘ಸ್ವಲ್ಪ ಆ ಕೆಂಪು ಗಾಡಿ ತೋರ್ಸಿ’. ಜಾಗ ಪೂರ್ತಿ ಬೇಕು, ಗಾಡಿಯನ್ನ ಪೂರ್ತಿ ತೋರಿಸಬೇಕು. ಸ್ವಲ್ಪ ಅನ್ನೋದು ಅಳತೆಯಲ್ಲ, ಮರ್ಯಾದೆ. ನನ್ನ ಆರು ಪುಸ್ತಕಗಳಲ್ಲಿ ಒಂದರಲ್ಲೂ ಈ ‘ಸ್ವಲ್ಪ’ದ ಬಗ್ಗೆ ಒಂದು ಸಾಲಿಲ್ಲ. ಪದಪಟ್ಟಿಯಲ್ಲಿದೆ, ‘ಕಡಿಮೆ ಪ್ರಮಾಣ’ ಅನ್ನೋ ಅರ್ಥದಲ್ಲಿ.

ತಮಾಷೆ ಅಂದ್ರೆ ಸ್ಪೇನಿನವರೂ ಇದರಲ್ಲಿ ನಮ್ಮ ಪೈಕಿಯೇ. ಇಂಗ್ಲಿಷರಷ್ಟು ಸಲ ಅವರು ‘ಪೋರ್ ಫವೋರ್’, ‘ಗ್ರಾಥಿಯಾಸ್’ ಅನ್ನೋದಿಲ್ಲ. ಕಾಫಿ ಬಾರಿನಲ್ಲಿ ನಿಂತು ‘ಮೆ ಪೋನೆಸ್ ಉನ್ ಕಫೆ’ ಅಂತಾರೆ. ಪದಕ್ಕೆ ಪದ ಇಟ್ಟರೆ ‘ನಂಗೊಂದು ಕಾಫಿ ಹಾಕ್ತೀಯಾ’ ಅಂತ. ನಮ್ಮ ದರ್ಶಿನಿಯಲ್ಲಿ ‘ಎರಡು ಕಾಫಿ ಹಾಕಿ’ ಅನ್ನೋದಕ್ಕೂ ಅದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಸ್ಪೇನಿಗೆ ಹೋಗುವವರಿಗಾಗಿ ಬರೆದ ಒಳ್ಳೆ ಕೈಪಿಡಿಗಳು ಇದನ್ನ ಬಿಡಿಸಿ ಹೇಳುತ್ತವೆ: ನಿಮ್ಮ ಕಿವಿಗೆ ಒರಟು ಅನ್ನಿಸಬಹುದು, ಆದರೆ ಅದು ಅಲ್ಲಿ ಸಹಜ, ಸ್ವರದಲ್ಲೇ ವಿನಯ ಇದೆ, ಬೇಜಾರಾಗಬೇಡಿ ಅಂತ. ಕನ್ನಡದ ಕೈಪಿಡಿಗಳಿಗೆ ಈ ಧೈರ್ಯ ಇಲ್ಲ. ಕನ್ನಡವನ್ನ ಇಂಗ್ಲಿಷಿನಷ್ಟೇ ಸಭ್ಯ ಅಂತ ತೋರಿಸೋಕೆ ಹೋಗಿ, ಯಾರೂ ಆಡದ ಒಂದು ಭಾಷೆ ಸೃಷ್ಟಿ ಮಾಡಿವೆ. ನನ್ನ ಮುಖ್ಯ ತಕರಾರು ಇದೇ. ನಡವಳಿಕೆ ಕಲಿಸಬೇಕಾದ ಜಾಗದಲ್ಲಿ ಅನುವಾದ ಕಲಿಸ್ತಾರೆ.

ಧನ್ಯವಾದದ ಕಥೆಯೂ ಅದೇ, ಚುಟುಕಾಗಿ ಮುಗಿಸ್ತೀನಿ. ಬಾಯಲ್ಲಿ ನಾವು ‘ಥ್ಯಾಂಕ್ಸ್’ ಅಂತೀವಿ, ಅದು ಕನ್ನಡವಾಗಿ ಬಹಳ ವರ್ಷ ಆಯ್ತು. ಅದಕ್ಕೂ ಮುಂಚೆ ‘ಬರ್ತೀನಿ’ ಇತ್ತು, ಈಗಲೂ ಇದೆ. ಅಂಗಡಿಯಿಂದ ಹೊರಡೋವಾಗ ‘ಬರ್ತೀನಿ ಅಣ್ಣ’ ಅಂದ್ರೆ ಕೃತಜ್ಞತೆ, ವಿದಾಯ, ಮತ್ತೆ ಭೇಟಿಯ ಮಾತು ಮೂರೂ ಆಯ್ತು. ಪುಸ್ತಕ ಕಲಿಸೋದು ‘ಹೋಗುತ್ತೇನೆ’. ನಮ್ಮ ಕಡೆ ಮನೆಯಿಂದ ಹೊರಡೋವಾಗ ‘ಹೋಗ್ತೀನಿ’ ಅಂದ್ರೆ ಅಜ್ಜಿಯಂದಿರು ಬಾಯಿ ಮುಚ್ಚಿಸ್ತಾರೆ. ಅದು ವಾಪಸ್ ಬರದ ಹೋಗೋಣಕ್ಕೆ ಮಾತ್ರ. ಒಬ್ಬ ಪ್ರವಾಸಿ ಗೊಂಬೆ ಕಟ್ಟಿಸಿಕೊಂಡು, ಪುಸ್ತಕ ನೋಡಿ, ತುಂಬ ಪ್ರೀತಿಯಿಂದ ‘ನಾನು ಹೋಗುತ್ತೇನೆ’ ಅಂದಾಗ ಅಂಗಡಿಯ ಅಜ್ಜ ಅಷ್ಟೇ ಪ್ರೀತಿಯಿಂದ ‘ಹಂಗನ್ಬಾರ್ದು ಕಣಪ್ಪಾ, ಓಗ್ಬತ್ತೀನಿ ಅನ್ನು’ ಅಂತ ತಿದ್ದಿದ್ದನ್ನ ನಾನೇ ಕೇಳಿದ್ದೀನಿ. ಒಂದು ವಾಕ್ಯದಲ್ಲಿ ಆ ಅಜ್ಜ ಮಾಡಿದ ಪಾಠ ಮೂವತ್ತು ದಿನದ ಪುಸ್ತಕದಲ್ಲಿ ಇಲ್ಲ.

ಆ ‘ಓಗ್ಬತ್ತೀನಿ’ಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಸ್ಪ್ಯಾನಿಶಿನಲ್ಲಿ ಹಕಾರ ಬರೀತಾರೆ, ಉಚ್ಚರಿಸಲ್ಲ. ‘ಹೋಲಾ’ ಅಂತ ಓದಬೇಡಿ, ಅದು ‘ಓಲಾ’ ಅಂತ ಮೊದಲ ಪಾಠದಲ್ಲೇ ಹೇಳಿಕೊಡ್ತಾರೆ. ನಮ್ಮ ಮಂಡ್ಯ-ಚನ್ನಪಟ್ಟಣದ ಕಡೆಯವರಿಗೆ ಈ ಪಾಠ ಬೇಕಿಲ್ಲ, ಹಕಾರ ನುಂಗೋದು ನಮಗೆ ಹುಟ್ಟಿನಿಂದ ಬಂದಿದ್ದು. ಆದರೆ ಎರಡು ಭಾಷೆಗಳಲ್ಲೂ ಇದು ಸೋಮಾರಿತನ ಅಲ್ಲ, ಒಂದೇ ಥರದ ಉದ್ದದ ಪಯಣ. ಹಿಟ್ಟಿಗೆ ಲ್ಯಾಟಿನ್ನಿನಲ್ಲಿ ‘ಫಾರೀನಾ’. ಆ ಫಕಾರ ಸ್ಪ್ಯಾನಿಶಿನಲ್ಲಿ ಹಕಾರವಾಗಿ, ಆಮೇಲೆ ಬಾಯಿಂದ ಬಿದ್ದುಹೋಗಿ, ಈಗ ‘ಆರೀನಾ’. ಇಲ್ಲಿ ಹಳಗನ್ನಡದ ‘ಪಾಲ್’ ಕಾಲಕ್ರಮದಲ್ಲಿ ‘ಹಾಲು’ ಆಯ್ತು, ‘ಪುಲಿ’ ‘ಹುಲಿ’ ಆಯ್ತು, ‘ಪೋಗು’ ‘ಹೋಗು’ ಆಯ್ತು. ನಮ್ಮ ಕಡೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆಲು, ಉಲಿ, ಓಗು. ಸ್ಪೇನಿನಲ್ಲಿ ಆ ಕೊನೇ ಹೆಜ್ಜೆ ಇಟ್ಟವರು ಶಿಷ್ಟರಾದರು. ಇಲ್ಲಿ ಇಟ್ಟವರು ಸಿನಿಮಾದ ಕಾಮಿಡಿ ಪಾತ್ರವಾದರು. ಬೆಂಗಳೂರಿನ ಆಫೀಸಿನಲ್ಲಿ ಬಾಯಿ ತಪ್ಪಿ ‘ಆಲು’ ಅಂದು ನಗೆಪಾಟಲಾದ ನಮ್ಮೂರಿನವರು ಇದನ್ನ ಓದ್ತಿದ್ದರೆ, ಮುಂದಿನ ಸಲ ಸ್ಪೇನಿನ ಹೆಸರು ಹೇಳಿ.

ಚನ್ನಪಟ್ಟಣದ ಗೊಂಬೆಗೆ ಬಳಸೋ ಮರದ ಹೆಸರಿನಲ್ಲೇ ಈ ಕಥೆ ಇದೆ. ಪುಸ್ತಕದಲ್ಲಿ ‘ಹಾಲೆ’, ತಿರುಗಣೆ ಮುಂದೆ ಕೂತವರ ಬಾಯಲ್ಲಿ ‘ಆಲೆ ಮರ’, ತಮಿಳಿನಲ್ಲಿ ಇನ್ನೂ ‘ಪಾಲೈ’. ಕೆತ್ತಿದರೆ ಹಾಲಿನಂಥ ರಸ ಒಸರುತ್ತೆ. ಒಣಗಿದ ಮರ ದಂತದ ಬಣ್ಣಕ್ಕಿರುತ್ತೆ, ಹಗುರ, ನುಣುಪು. ಈಗ ನಮ್ಮ ಪ್ರವಾಸಿ ಕೇಳ್ತಾನೆ, ಇದು ಯಾವ ಮರ ಅಂತ. ‘ಆಲೆ’ ಅಂತ ಉತ್ತರ ಬರುತ್ತೆ. ಅವನು ಪುಸ್ತಕದ ಪಟ್ಟಿ ನೋಡಿದರೆ ಅಲ್ಲಿ ಸಿಗೋದು ‘ಆಲದ ಮರ’. ಅವನ ಪ್ರವಾಸದ ಪೋಸ್ಟಿನಲ್ಲಿ ಚನ್ನಪಟ್ಟಣದ ಗೊಂಬೆಯನ್ನ ಆಲದ ಮರದಿಂದ ಮಾಡ್ತಾರೆ ಅಂತ ಬರುತ್ತೆ. ಕೈಪಿಡಿಯ ಕನ್ನಡ ಮತ್ತು ಊರಿನ ಕನ್ನಡದ ನಡುವೆ ಇರೋ ಕಂದಕಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ತಿರ ಇಲ್ಲ. ಆಡುಮಾತಿನ ರೂಪ ಒಂದನ್ನೂ ಕೊಡದೆ, ಬರೀ ಗ್ರಂಥರೂಪ ಕೊಟ್ಟು ಕಳಿಸೋದು ಅಂದ್ರೆ ಈಜು ಕಲಿಸ್ತೀನಿ ಅಂತ ನೀರಿನ ಚಿತ್ರ ಕೊಟ್ಟ ಹಾಗೆ.

ಇನ್ನೊಂದು ಕೊರತೆ ಇದೆ. ಈ ಪುಸ್ತಕಗಳಲ್ಲಿ ಪ್ರವಾಸಿ ಬರೀ ಕೇಳ್ತಾನೆ, ಯಾರೂ ಅವನಿಗೆ ಉತ್ತರ ಕೊಡೋದಿಲ್ಲ. ‘ಇದರ ಬೆಲೆ ಎಷ್ಟು’ ಅನ್ನೋದನ್ನ ಕಲಿತ. ‘ಮುನ್ನೂರೈವತ್ತು, ಎಲ್ಡು ತಗಂಡ್ರೆ ಆರ್ನೂರೈವತ್ತಕ್ ಕೊಡ್ತೀನಿ’ ಅಂತ ಉತ್ತರ ಬಂತು. ಈಗ? ಪುಸ್ತಕದಲ್ಲಿ ಒಂದರಿಂದ ನೂರರವರೆಗೆ ಸಂಖ್ಯೆ ಬಿಡಿಬಿಡಿಯಾಗಿವೆ, ಇನ್ನೂರು-ಮುನ್ನೂರು-ಐನೂರುಗಳ ಪತ್ತೆ ಇಲ್ಲ. ಇವತ್ತು ಅಂಗಡಿಯಲ್ಲಿ ಬೇಕಾಗಿರೋದೇ ಅವು. ದಾರಿಯ ವಿಷಯಕ್ಕೆ ಬಂದರೆ ‘ಎಡಕ್ಕೆ’, ‘ಬಲಕ್ಕೆ’, ‘ನೇರವಾಗಿ’ ಕಲಿಸ್ತಾರೆ. ‘ಇಲ್ಲೇ’ ಕಲಿಸೋದಿಲ್ಲ. ‘ಇಲ್ಲೇ ಮುಂದೆ’ ಅಂದ್ರೆ ಐವತ್ತು ಹೆಜ್ಜೆಯೂ ಆಗಬಹುದು, ಕೆಂಗಲ್ ಹನುಮಂತರಾಯನ ಗುಡಿ ದಾಟಿ ರಾಮನಗರವೂ ಆಗಬಹುದು. ಹೇಳುವವರ ಕೈ ಎಷ್ಟು ಮೇಲೆ ಎದ್ದಿದೆ ಅನ್ನೋದರ ಮೇಲೆ ಅಂದಾಜು ಮಾಡಬೇಕು. ‘ನೋಡೋಣ’ ಅಂದ್ರೆ ಬಹುಪಾಲು ಆಗಲ್ಲ ಅಂತ. ‘ಊಟ ಆಯ್ತಾ?’ ಅಂದ್ರೆ ಊಟಕ್ಕೆ ಕರೀತಿದ್ದಾರೆ ಅಂತಲ್ಲ, ಕುಶಲ ಪ್ರಶ್ನೆ; ‘ಆಯ್ತು, ನಿಮ್ದು?’ ಅಂದ್ರೆ ಮುಗೀತು. ಊಟ ಆಗದಿದ್ದರೂ ಹಾಗೇ ಅನ್ನಿ.

ಚೌಕಾಸಿ ಬಗ್ಗೆ ಹೇಳಲೇಬೇಕು. ಕಾರ್ಡು, ಚಾರ್ಟು, ರೀಲು ಯಾವುದೇ ಇರಲಿ, ಮೂರನೇ ಅಥವಾ ನಾಲ್ಕನೇ ವಾಕ್ಯ ‘ಕಡಿಮೆ ಮಾಡಿ’. ಆಟೋಗೆ ಸರಿ. ಗೊಂಬೆ ಅಂಗಡಿಗೂ ಸರಿಯೇ, ಯಾರೂ ಬೇಡ ಅನ್ನಲ್ಲ, ನಮ್ಮಲ್ಲಿ ಚೌಕಾಸಿಯೂ ಒಂದು ಮಾತುಕತೆ. ಆದರೆ ಅದಕ್ಕೆ ಮುಂಚೆ ಬರಬೇಕಾದ ವಾಕ್ಯಗಳನ್ನ ಕಲಿಸದೆ ಇದನ್ನ ಮೊದಲು ಕಲಿಸಿದರೆ ಏನಾಗುತ್ತೆ ಅಂದ್ರೆ, ಕನ್ನಡ ಅನ್ನೋದು ರೇಟು ಇಳಿಸೋ ಭಾಷೆ ಆಗುತ್ತೆ. ಅಂಗಡಿಯಲ್ಲಿ ಕೂತು ನಾನು ನೋಡಿದ್ದು ಇದನ್ನೇ. ಬಂದವರು ಎಲ್ಲಾ ಮಾತನ್ನೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆಡಿ, ದುಡ್ಡು ಕೊಡೋ ಹೊತ್ತಿಗೆ ಮಾತ್ರ ‘ಸ್ವಲ್ಪ ಕಮ್ಮಿ ಮಾಡಿ ಅಣ್ಣ’ ಅಂತ ಕನ್ನಡಕ್ಕೆ ಬರ್ತಾರೆ. ಅಂಗಡಿಯವನಿಗೆ ಕನ್ನಡ ಕೇಳಿದ ತಕ್ಷಣ ಜೇಬಿಗೆ ಕೈ ಬಿತ್ತು ಅಂತ ಅರ್ಥ.

ಅದರ ಬದಲು ‘ಇದನ್ನ ಹೆಂಗ್ ಮಾಡ್ತೀರಾ?’ ಅಂತ ಒಂದು ವಾಕ್ಯ ಕಲಿಸಿದ್ದರೆ! ಆ ಪ್ರಶ್ನೆ ಕೇಳಿದವರನ್ನ ಒಳಗೆ ಕರ್ಕೊಂಡು ಹೋಗಿ ತೋರಿಸ್ತಾರೆ. ತಿರುಗೋ ಮರದ ತುಂಡಿಗೆ ಉಳಿ ಹಿಡಿದು ಆಕಾರ ತರ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನ ಒತ್ತಿ ಹಿಡೀತಾರೆ. ಬೆಂಕಿ ಇಲ್ಲ, ಬ್ರಷ್ ಇಲ್ಲ; ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಕೊನೆಗೆ ಒಂದು ಒಣ ಗರಿಯನ್ನ ಒತ್ತಿದರೆ ಹೊಳಪು ಬರುತ್ತೆ. ನೋಡ್ತಾ ನೋಡ್ತಾ ಬುಗುರಿಯೊಂದು ಹಳದಿಯಾಗೋದನ್ನ ನೋಡಿದವರು ಆಮೇಲೆ ರೇಟಿನ ಬಗ್ಗೆ ಬೇರೆ ಥರ ಮಾತಾಡ್ತಾರೆ, ಅದು ನನ್ನ ಅನುಭವ. ಉಳಿ, ಅರಗು, ಗರಿ, ಬುಗುರಿ, ಗಿಲಕಿ. ಈ ಐದು ಪದ ಘೇಂಡಾಮೃಗದ ಜಾಗದಲ್ಲಿ ಬರಬಹುದಿತ್ತು. ಚನ್ನಪಟ್ಟಣದ ಗೊಂಬೆಗೆ 2005–06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಆ ಹೆಸರನ್ನ ಬೇರೆಯವರು ಬಳಸದ ಹಾಗೆ ಕಾನೂನಿನ ರಕ್ಷಣೆ. ಪದಗಳಿಗೆ ಅಂಥ ರಕ್ಷಣೆ ಇಲ್ಲ. ಅವು ಕೇಳೋರಿಲ್ಲದಿದ್ದರೆ ಸುಮ್ಮನೆ ಹೋಗಿಬಿಡ್ತವೆ, ‘ಟಾಯ್’, ‘ಪಾಲಿಶ್’, ‘ಕಲರ್’ ಬಂದು ಕೂರ್ತವೆ. ಅಂಗಡಿಯ ಹೊಸ ಹುಡುಗರ ಬಾಯಲ್ಲಿ ಆಗಲೇ ಕೂತಿವೆ.

ಇಲ್ಲಿ ಒಂದು ತೊಡಕು. ಈ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳು ಬಹಳ ಇವೆ. ಟಿಪ್ಪು ಕಾಲದಲ್ಲಿ ಪರ್ಷಿಯಾದಿಂದ ಬಂದವರು ಇಲ್ಲಿನವರಿಗೆ ಕಲಿಸಿದರು ಅನ್ನೋ ಮಾತು ಊರಲ್ಲಿ ಎಲ್ಲರೂ ಹೇಳೋದು. ಅವರ ಮನೆಯ ಮಾತು ದಖನಿ, ಸಂತೆಯ ಮಾತು ಕನ್ನಡ. ನನ್ನ ಸ್ಟೂಲಿನ ಪಕ್ಕದ ತಿರುಗಣೆಯ ಮೇಸ್ತ್ರಿ ಒಂದೇ ಉಸಿರಿನಲ್ಲಿ ಮಗನಿಗೆ ‘ನಕ್ಕೊ’ ಅಂದು, ನನಗೆ ‘ಬ್ಯಾಡ ಬುಡು’ ಅಂದು, ಗಿರಾಕಿಗೆ ‘ನೋ ಸರ್’ ಅಂತಾನೆ. ಪ್ರವಾಸಿ ಕಿವಿಗೆ ಆ ದಖನಿ ಬಿದ್ದ ತಕ್ಷಣ ‘ಓ, ಇಲ್ಲಿ ಹಿಂದಿ ನಡೆಯುತ್ತೆ’ ಅಂತ ಪುಸ್ತಕ ಮುಚ್ಚಿಬಿಡ್ತಾನೆ. ದಖನಿ ಹಿಂದಿಯಲ್ಲ. ಅದರ ‘ನಕ್ಕೊ’ ಮರಾಠಿಯ ನಂಟು, ಅದರ ‘ಹೌ’ ಕೇಳಿದರೆ ನಮ್ಮ ‘ಹೌದು’ ಪಕ್ಕದಲ್ಲೇ ನಿಂತ ಹಾಗಿದೆ. ಬಾರ್ಸಿಲೋನಾದಲ್ಲಿ ಕ್ಯಾಟಲನ್ ಬೇರೆ, ಸ್ಪ್ಯಾನಿಶ್ ಬೇರೆ ಅಂತ ಹುಷಾರಾಗಿ ನೋಡಿಕೊಂಡ ನಮ್ಮ ಹುಡುಗನಿಗೆ ಇಲ್ಲಿ ಆ ಸೂಕ್ಷ್ಮ ಯಾಕೆ ಹೊಳೆಯಲಿಲ್ಲ ಅಂದ್ರೆ, ಅವನಿಗೆ ಯಾರೂ ಹೇಳಿರಲಿಲ್ಲ. ಯಾವ ಪುಸ್ತಕವೂ ಕರ್ನಾಟಕದ ಒಂದು ಪೇಟೆಯಲ್ಲಿ ಎಷ್ಟು ಭಾಷೆ ಇರುತ್ತೆ, ಯಾರ ಹತ್ತಿರ ಯಾವುದು ಆಡಬೇಕು ಅಂತ ಒಂದು ಪುಟ ಬರೆದಿಲ್ಲ. ಹಾಗಾಗಿ ಅವನು ಹಿಂದಿ ಆಡಿದ, ಮೇಸ್ತ್ರಿಯೂ ಹಿಂದಿಗೆ ಹತ್ತಿರದ್ದನ್ನ ಆಡಿದ, ಇಬ್ಬರೂ ತಮ್ಮ ಭಾಷೆ ಬಿಟ್ಟು ಎಲ್ಲೋ ನಡುವೆ ನಿಂತರು. ವ್ಯಾಪಾರವೇನೋ ಆಯ್ತು.

ಇದೆಲ್ಲ ಹೊಸದಲ್ಲ. ಹೊರಗಿನವರ ಬಾಯಲ್ಲಿ ಕನ್ನಡದ ಅತಿ ಹಳೆಯ ಉದಾಹರಣೆ ಅಂತ ಕೆಲವರು ತೋರಿಸೋದು ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕ, ಎರಡನೇ ಶತಮಾನದ ಒಂದು ಗ್ರೀಕ್ ಪ್ರಹಸನವನ್ನ. ಅದರಲ್ಲಿ ಭಾರತದ ರಾಜನೊಬ್ಬನಿಗೆ ಕುಡಿಸಿ, ಮತ್ತೇರಿಸಿ, ಸೆರೆಯಲ್ಲಿದ್ದ ಗ್ರೀಕ್ ಹುಡುಗಿಯನ್ನ ಬಿಡಿಸ್ಕೊಂಡು ಓಡ್ತಾರೆ. ರಾಜನ ಕಡೆಯವರು ಆಡೋ ಅರ್ಥವಾಗದ ಮಾತು ಕನ್ನಡ ಅಂತ 1904ರಲ್ಲಿ ಹುಲ್ಶ್ ವಾದಿಸಿದ, ಆಮೇಲೆ ನಮ್ಮ ಶಾಮಶಾಸ್ತ್ರಿ, ಗೋವಿಂದ ಪೈಗಳೂ ಅದನ್ನ ಕೈಗೆತ್ತಿಕೊಂಡರು. ಅದು ಕನ್ನಡವೇ ಅಲ್ಲ ಅನ್ನೋ ವಿದ್ವಾಂಸರೂ ಬೇಕಾದಷ್ಟಿದ್ದಾರೆ. ಇರಲಿ, ಕನ್ನಡವೇ ಆಗಿದ್ದರೆ ಪ್ರವಾಸಿ ಕನ್ನಡದ ಮೊದಲ ಪಾಠ ಹೆಂಡ ಸುರಿಯೋದರ ಬಗ್ಗೆ ಇತ್ತು ಅಂತಾಯ್ತು. ‘ಕಡಿಮೆ ಮಾಡಿ’ಗಿಂತ ಎಷ್ಟೋ ವಾಸಿ.

ಹಳೇ ಕಾಲದ ಮಿಷನರಿಗಳ ಕೆಲಸ ಬೇರೆ ತೂಕದ್ದು. ಹಾಡ್ಸನ್ನನ ವ್ಯಾಕರಣ 1859ರದು, ಕಿಟ್ಟೆಲ್ ನಿಘಂಟು 1894ರದು, ಸ್ಪೆನ್ಸರ್ ವ್ಯಾಕರಣ 1914ರದು. ಇವರು ಇಲ್ಲಿ ಉಳಿಯೋಕೆ ಬಂದವರು, ಬಂದ ಉದ್ದೇಶ ಏನೇ ಇರಲಿ, ಜನ ಹೇಗೆ ಮಾತಾಡ್ತಾರೆ ಅಂತ ಕಿವಿಗೊಟ್ಟರು. ಕಿಟ್ಟೆಲ್ ಪುಟ ತಿರುವಿದರೆ ಪದದ ಜೊತೆ ಗಾದೆಯೂ ಸಿಗುತ್ತೆ. ಅವನಿಗೆ ಕಂಪ್ಯೂಟರ್ ಇರಲಿಲ್ಲ, ರೆಕಾರ್ಡರ್ ಇರಲಿಲ್ಲ. ನಮಗೆ ಎಲ್ಲಾ ಇದೆ, ಆದರೂ ನೂರಮೂವತ್ತು ವರ್ಷದ ನಂತರ ‘ಒಂದು ಲೋಟ ನೀರು ಕೊಡುವಿರಾ’ದಲ್ಲೇ ಇದ್ದೀವಿ.

ತಪ್ಪು ಬರೀ ಪುಸ್ತಕದವರದು ಅಂದ್ರೆ ಅನ್ಯಾಯವಾಗುತ್ತೆ. ಯಾರಾದರೂ ಹರಕು ಮುರುಕು ಕನ್ನಡ ಶುರು ಮಾಡಿದರೆ ನಾವೇನು ಮಾಡ್ತೀವಿ? ಅರ್ಧ ವಾಕ್ಯಕ್ಕೆ ಇಂಗ್ಲಿಷಿಗೆ ಜಿಗಿದು ಅವರ ಕಷ್ಟ ತಪ್ಪಿಸ್ತೀವಿ. ನಮ್ಮ ಉಪಕಾರ ಬುದ್ಧಿಯೇ ಅವರ ಪಾಠಕ್ಕೆ ಕತ್ತರಿ. ಇಲ್ಲಾಂದ್ರೆ ನಗ್ತೀವಿ. ಇತ್ತೀಚೆಗೆ ಮೂರನೆಯದೂ ಒಂದು ಸೇರಿದೆ: ಫೋನು ಹಿಡಿದು ‘ಕನ್ನಡ ಮಾತಾಡು’ ಅಂತ ಗದರಿಸಿ ರೀಲು ಮಾಡೋದು. ಕನ್ನಡ ಬರಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗದರಿಸಿ ಕಲಿಸೋವಾಗ ಮೊದಲು ಹೋಗೋದು ಆ ‘ಮಾತಾಡಿ’ಯ ಇಕಾರ. ಮರ್ಯಾದೆಯ ಅಕ್ಷರವನ್ನೇ ಕಿತ್ತು ಹಾಕಿ ಮರ್ಯಾದೆ ಕೇಳೋದು ನನಗೆ ಸರಿ ಕಾಣಲ್ಲ. ಅಂಗಡಿಯ ಮೇಸ್ತ್ರಿ ಮಾಡೋದು ನೋಡಿ ಕಲೀಬಹುದು: ಗಿರಾಕಿ ತಡವರಿಸಿದರೆ ಅವನು ಭಾಷೆ ಬದಲಿಸಲ್ಲ, ವೇಗ ಬದಲಿಸ್ತಾನೆ. ಅದೇ ವಾಕ್ಯವನ್ನ ನಿಧಾನಕ್ಕೆ, ಬೆರಳು ಮಡಿಸಿ, ಇನ್ನೊಮ್ಮೆ ಹೇಳ್ತಾನೆ.

ಮತ್ತೆ ನನ್ನ ಟೀಮಿನ ಹುಡುಗನ ಆ ಒಂದೇ ವಾಕ್ಯ, ‘ಕನ್ನಡ ಗೊತ್ತಿಲ್ಲ.’ ಇದು ಎಲ್ಲಾ ಕೈಪಿಡಿಗಳಲ್ಲೂ ‘ಅತ್ಯಗತ್ಯ ವಾಕ್ಯಗಳು’ ಅನ್ನೋ ಪುಟದಲ್ಲಿದೆ. ಒಂದು ಭಾಷೆಯ ಪುಸ್ತಕ ತನ್ನ ಓದುಗನಿಗೆ ಮೊದಲು ಕೊಡೋದು ಆ ಭಾಷೆಯಿಂದ ಹೊರಗೆ ಹೋಗೋ ಬಾಗಿಲು! ‘ಸ್ವಲ್ಪ ಸ್ವಲ್ಪ ಬರುತ್ತೆ’ ಅಂತ ಇಟ್ಟಿದ್ದರೆ ಅದು ಒಳಗೆ ಬರೋ ಬಾಗಿಲಾಗ್ತಿತ್ತು. ಕನ್ನಡದಲ್ಲಿ ನಾವು ಭಾಷೆಯನ್ನ ಆಡ್ತೀವಿ ಅನ್ನೋದಕ್ಕಿಂತ ಭಾಷೆ ನಮಗೆ ‘ಬರುತ್ತೆ’ ಅಂತೀವಿ. ನನಗೆ ಕನ್ನಡ ಬರುತ್ತೆ, ಅವಳಿಗೆ ತುಳು ಬರುತ್ತೆ. ಬರೋದಕ್ಕೆ ಟೈಮು ಬೇಕಾಗುತ್ತೆ ಅನ್ನೋದು ವ್ಯಾಕರಣದಲ್ಲೇ ಇದೆ.

ಇಷ್ಟು ಹೇಳಿದ ಮೇಲೆ ಒಂದು ವ್ಯಾವಹಾರಿಕ ಸಮಸ್ಯೆ ಉಳಿಯುತ್ತೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ದಾರಿ ಉದ್ಘಾಟನೆ ಆಯ್ತು. ಅದು ರಾಮನಗರ, ಚನ್ನಪಟ್ಟಣ, ಮದ್ದೂರು ಯಾವುದರ ಒಳಗೂ ಬರದೆ ಪಕ್ಕದಲ್ಲೇ ಹಾದು ಹೋಗುತ್ತೆ. ಹಳೇ ಹೆದ್ದಾರಿಯ ಮೇಲಿನ ಗೊಂಬೆ ಅಂಗಡಿಗಳಿಗೆ ಮೊದಲಿನಷ್ಟು ಗಿರಾಕಿ ಇಲ್ಲ. ಇಪ್ಪತ್ತು ನಿಮಿಷ ನಿಲ್ತಿದ್ದವರು ಈಗ ನಿಲ್ಲೋದೇ ಇಲ್ಲ. ಹಾಗಾಗಿ ನಿಲ್ಲೋ ಕೆಲವರಿಗೆ ಏನು ಕೊಟ್ಟು ಕಳಿಸ್ತೀವಿ ಅನ್ನೋದು ಮೊದಲಿಗಿಂತ ಮುಖ್ಯ ಅಂತ ನನಗೆ ಕಾಣುತ್ತೆ. ಮೇಸ್ತ್ರಿಯೂ ನಾನೂ ಸೇರಿ ಒಂದು ಶನಿವಾರ ಹಾಳೆಯೊಂದರ ಮೇಲೆ ಹನ್ನೆರಡು ವಾಕ್ಯ ಬರೆದೆವು, ಕನ್ನಡದಲ್ಲೂ ಇಂಗ್ಲಿ‌ಷ್ ಅಕ್ಷರದಲ್ಲೂ. ‘ದಯವಿಟ್ಟು’ ಇಲ್ಲ. ‘ಸ್ವಲ್ಪ’ ನಾಲ್ಕು ಸಲ ಇದೆ. ‘ಹೆಂಗ್ ಮಾಡ್ತೀರಾ’ ಮೊದಲನೆಯದು, ‘ಬರ್ತೀನಿ ಅಣ್ಣ’ ಕೊನೆಯದು. ‘ಕಮ್ಮಿ ಮಾಡಿ’ ಇರಲಿ ಅಂತ ಮೇಸ್ತ್ರಿಯೇ ಹಟ ಹಿಡಿದು ಒಂಬತ್ತನೆಯದಾಗಿ ಹಾಕಿಸಿದ, ಅದಿಲ್ಲದೆ ವ್ಯಾಪಾರಕ್ಕೆ ಕಳೆ ಇಲ್ಲವಂತೆ. ಜೆರಾಕ್ಸ್ ಮಾಡಿಸಿ ಬಿಲ್ಲಿನ ಜೊತೆ ಕೊಡ್ತಿದ್ದಾರೆ.

ಮೂವತ್ತು ದಿನದ ಪುಸ್ತಕ ಮಾಡುವ ಪ್ರಕಾಶಕರು ಯಾರಾದರೂ ಇದನ್ನ ಓದ್ತಿದ್ದರೆ, ಆ ಹಾಳೆಗೆ ಹಕ್ಕುಸ್ವಾಮ್ಯ ಏನೂ ಇಲ್ಲ, ಎತ್ತಿಕೊಳ್ಳಬಹುದು. ಜಾಗ ಬೇಕಂದ್ರೆ ಪ್ರಾಣಿಗಳ ಪುಟ ತೆಗೀರಿ. ಚನ್ನಪಟ್ಟಣದಲ್ಲಿ ಘೇಂಡಾಮೃಗ ಸಿಗೋದೇನೋ ನಿಜ, ಆದರೆ ಅದು ಅಂಗೈಯಷ್ಟೇ ಇರುತ್ತೆ, ಕಾಲಿಗೆ ನಾಲ್ಕು ಚಕ್ರ, ಬೆರಳು ತೋರಿಸಿದರೆ ಸಾಕು, ಎತ್ತಿ ಕೊಡ್ತಾರೆ.